ಒಂದು ಸೂರಿನ ಕನಸು

ಹೆಸರು, ವಿಳಾಸ ಬಿಟ್ಟರೆ ಅರ್ಜಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನಿಮಗೆ ಮಧ್ಯಾಹ್ನ ನಿದ್ದೆ ಬರುತ್ತದೆಯೇ? ಅದರ ಕೆಳಗೆ ಮೂರು ಗೆರೆಯಷ್ಟು ಜಾಗ ಖಾಲಿ ಬಿಟ್ಟಿದ್ದರು. ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಹದಿನೇಳು ವರ್ಷ ಕರಡು ತಿದ್ದಿದವಳು. ಬರೆದದ್ದನ್ನು ಮೂರು ಸಲ ಓದದೆ ಸಹಿ ಹಾಕುವವಳಲ್ಲ. ‘ಬರುತ್ತದೆ’ ಎಂದು ಬರೆದರೆ ಸುಳ್ಳಾಗುತ್ತಿತ್ತು, ‘ಬರುವುದಿಲ್ಲ’ ಎಂದರೆ ಅರ್ಜಿ ಕಸದ ಬುಟ್ಟಿ ಸೇರುತ್ತಿತ್ತು. ಕೊನೆಗೆ ‘ಬರುವ ಸಾಧ್ಯತೆಯಿದೆ’ ಎಂದು ಬರೆದು ಲಕೋಟೆ ಅಂಟಿಸಿದೆ. ಒಂದು ತಿಂಗಳಿಗೆ ಆ ದೂರದೇಶದ ಅನಾಥಾಲಯದಿಂದ ಉತ್ತರ ಬಂತು. ಹನ್ನೊಂದು ಮಕ್ಕಳಿದ್ದಾರೆ, ತಂದೆತಾಯಿ ಇಲ್ಲದವರು. ಮೂರು ತಿಂಗಳು ಇರಬೇಕು. ಚಾಪೆ, ಹೊದಿಕೆ ನಾವೇ ಕೊಡುತ್ತೇವೆ.

ನನಗಾಗ ನಲವತ್ತೆರಡು. ಯಾಕೆ ಅಷ್ಟು ದೂರ ಹೊರಟೆ ಎಂದು ಕೇಳಿದ ಒಬ್ಬೊಬ್ಬರಿಗೂ ಒಂದೊಂದು ಕಾರಣ ಹೇಳಿದೆ. ನಿಜ ಹೇಳಬೇಕೆಂದರೆ, ಆ ಉತ್ತರ ಓದಿ ಮಲಗಿದ ಮಕ್ಕಳನ್ನು ಕಾಯುವ ಕೆಲಸವಿರಬೇಕು ಎಂದುಕೊಂಡಿದ್ದೆ, ಕಾಯುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದದ್ದು. ಒಂಬತ್ತು ವರ್ಷದವಳಿದ್ದಾಗ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ತಮ್ಮನ ಕೈ ಬಿಟ್ಟಿದ್ದೆ. ಎರಡು ತಾಸಿನ ಮೇಲೆ ಅವನು ಕಬ್ಬಿನ ಹಾಲಿನ ಅಂಗಡಿಯ ಹಿಂದೆ, ಸಿಪ್ಪೆಯ ರಾಶಿಯ ಮೇಲೆ ಕೂತು ಕಬ್ಬಿನ ತುಂಡು ಜಗಿಯುತ್ತಾ ಸಿಕ್ಕ. ಅವನು ಆ ದಿನವನ್ನೇ ಮರೆತಿದ್ದಾನೆ. ಈಗ ಅವನಿಗೆ ಇಬ್ಬರು ಮಕ್ಕಳು, ಬೊಜ್ಜು ಬಂದಿದೆ. ನಾನು ಮಾತ್ರ ಆವತ್ತಿನಿಂದ ಎಲ್ಲಿ ಹೋದರೂ ಜೊತೆಯವರನ್ನು ಎಣಿಸುತ್ತೇನೆ.

ಎರಡು ಹಡಗು, ಒಂದು ದೋಣಿ ಬದಲಿಸಿ ತಲುಪಿದ ಊರು ಅದು. ಬೂದುಬಣ್ಣದ ಕಲ್ಲಿನ ಮನೆಗಳು; ಒಂದೊಂದರ ಸೂರೂ ಗೋಡೆ ದಾಟಿ ನಾಲ್ಕು ಮೊಳ ಮುಂದಕ್ಕೆ ಚಾಚಿಕೊಂಡಿತ್ತು, ಕೋಳಿ ರೆಕ್ಕೆ ಬಿಚ್ಚಿ ಕೂತ ಹಾಗೆ. ದೋಣಿ ನಿಲ್ಲುವ ಕಟ್ಟೆಯ ಹತ್ತಿರ ನನ್ನನ್ನು ಕರೆದೊಯ್ಯಲು ಬಂದವಳು ಆ ಅನಾಥಾಲಯದ ಮೇಲ್ವಿಚಾರಕಿ ಒರಿಮಾ. ಅರವತ್ತು ದಾಟಿದ ದಪ್ಪ ಹೆಂಗಸು, ಬಾಯಲ್ಲಿ ಸದಾ ಸೋಂಪು. ಅವಳು ಏನೇನೋ ಹೇಳಿದಳು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಕೊನೆಗೆ ಅಂಗೈಯನ್ನು ಕೆನ್ನೆಗೆ ಒತ್ತಿ ಕಣ್ಣುಮುಚ್ಚಿ ತೋರಿಸಿದಳು. ಮಲಗಬೇಕು ಎಂದರ್ಥವಾಯಿತು. ದಣಿದಿದ್ದೀಯ, ಮಲಗು ಎನ್ನುತ್ತಿದ್ದಾಳೆಂದು ತಿಳಿದೆ. ಅದೇ ನನ್ನ ಕೆಲಸ ಎನ್ನುತ್ತಿದ್ದಳೆಂದು ಗೊತ್ತಾದದ್ದು ಮರುದಿನ.

ಆ ಊರಿನಲ್ಲಿ ರಾತ್ರಿ ಕನಸು ಬೀಳುವುದಿಲ್ಲ. ರಾತ್ರಿಯ ನಿದ್ದೆ ಬಾವಿಗೆ ಬಿದ್ದ ಕಲ್ಲಿನ ಹಾಗೆ, ನೇರ ತಳಕ್ಕೆ. ಕನಸೆಲ್ಲ ಮಧ್ಯಾಹ್ನಕ್ಕೆ. ಊಟದ ನಂತರ ನದಿಯ ಕಡೆಯಿಂದ ಗಂಟೆ ಹೊಡೆದರೆ ಅಂಗಡಿಗಳ ಬಾಗಿಲು ಮುಚ್ಚುತ್ತವೆ, ಅಂಬಿಗರು ದೋಣಿ ಕಟ್ಟಿ ಮನೆಗೆ ಓಡುತ್ತಾರೆ, ಎಲ್ಲರೂ ಅವರವರ ಸೂರಿನ ಕೆಳಗೆ ಮಲಗುತ್ತಾರೆ. ಒಂದು ಸೂರಿನ ಕೆಳಗೆ ಮಲಗಿದವರಿಗೆಲ್ಲ ಬೀಳುವುದು ಒಂದೇ ಕನಸು. ಎರಡನೆಯ ಗಂಟೆಗೆ ಎದ್ದು, ಚಹಾ ಕುಡಿಯುತ್ತಾ, ಅಲ್ಲಿ ನೀನು ಹಾಗೇಕೆ ಮಾಡಿದೆ, ಆ ಕೊಡೆ ಯಾರದಿತ್ತು ಎಂದು ಮಾತಾಡಿಕೊಳ್ಳುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೆಂದರೆ ಹುಡುಗಿ ತನ್ನ ಸೋದರತ್ತೆಯೊಬ್ಬಳ ಜೊತೆ ಗಂಡಿನ ಮನೆಯಲ್ಲಿ ಒಂದು ಮಧ್ಯಾಹ್ನ ಮಲಗಿ ಎದ್ದು ಬರುವುದು. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರು ಗೋಡೆ ಹಾಕುವುದಿಲ್ಲ, ಸೂರನ್ನು ನಡುವೆ ಒಂದು ಗೇಣು ಕತ್ತರಿಸುತ್ತಾರೆ. ಮಳೆ ಬಂದರೆ ಆ ಸಂದಿಯಿಂದ ನೀರು ಸುರಿಯುತ್ತದೆ, ಯಾರೂ ದೂರುವುದಿಲ್ಲ. ನೆಂಟರನ್ನು ಊಟಕ್ಕೆ ಧಾರಾಳವಾಗಿ ಕರೆಯುತ್ತಾರೆ. ಮಲಗಿ ಹೋಗಿ ಎನ್ನುವುದು ಅಪರೂಪ.

ಅನಾಥಾಲಯದ ಕಷ್ಟವೂ ಇದೇ ಆಗಿತ್ತು. ಒರಿಮಾ ಬೆಳಿಗ್ಗೆ, ಸಂಜೆ, ರಾತ್ರಿ ಎಲ್ಲ ಹೊತ್ತಿನಲ್ಲೂ ಮಕ್ಕಳ ಜೊತೆ ಇರುತ್ತಿದ್ದಳು. ಮಧ್ಯಾಹ್ನ ಮಾತ್ರ ಹಾಸಿಗೆ ಹಿಡಿದ ಗಂಡನ ಬಳಿಗೆ ಹೋಗಲೇಬೇಕು, ಇಲ್ಲದಿದ್ದರೆ ಆ ಮುದುಕ ಕನಸಿನಲ್ಲಿ ಒಬ್ಬನೇ ಆಗುತ್ತಾನೆ. ಊರಿನ ಬೇರೆ ಯಾರನ್ನು ಕೇಳಿದರೂ ಅವರಿಗೆ ಅವರದೇ ಸೂರು. ಹೀಗಾಗಿ ಹನ್ನೊಂದು ಮಕ್ಕಳ ಕನಸಿನಲ್ಲಿ ದೊಡ್ಡವರು ಯಾರೂ ಇರುತ್ತಿರಲಿಲ್ಲ. ದೊಡ್ಡವರಿಲ್ಲದ ಕನಸಿನಲ್ಲಿ ಮಕ್ಕಳು ದಿಕ್ಕಿಗೊಬ್ಬರಂತೆ ಚದುರುತ್ತಾರೆ. ಅದಕ್ಕೇ ಅಲ್ಲಿ ಯಾವ ಸೂರೂ ಇಲ್ಲದ ಪರದೇಶದವರನ್ನು ಕರೆಸಿಕೊಳ್ಳುತ್ತಿದ್ದರು.

ದಣಿವಿನಿಂದಲೋ ಏನೋ, ಮೊದಲ ಮಧ್ಯಾಹ್ನ ನನಗೆ ನಿದ್ದೆ ಹತ್ತಿತು. ಕಣ್ಣು ಬಿಟ್ಟರೆ ಗದಗಿನ ಬಸ್‌ಸ್ಟ್ಯಾಂಡು. ಆ ಉದ್ದನೆಯ ಪತ್ರಾಸಿನ ತಗಡಿನ ಚಪ್ಪರ, ಕಡಲೆಕಾಯಿ ಸಿಪ್ಪೆ, ಡೀಸೆಲ್ ಹೊಗೆ. ನಡುವೆ ಹನ್ನೊಂದು ಮಕ್ಕಳು ಬಾಯಿ ತೆರೆದು ನಿಂತಿದ್ದರು. ಇಲ್ಲೇ ನಿಲ್ಲಿ, ಅಲ್ಲಾಡಬೇಡಿ ಎಂದು ಕೂಗುತ್ತಾ, ಎಣಿಸುತ್ತಾ, ಒಬ್ಬರನ್ನು ಹಿಡಿದರೆ ಇನ್ನೊಬ್ಬರು ಜಾರುತ್ತಾ, ಬೆವರಿನಲ್ಲಿ ತೊಯ್ದು ಎದ್ದೆ. ಸುತ್ತಲೂ ಮಕ್ಕಳು ಎದ್ದು ಕೂತಿದ್ದರು. ಅವರ ಮಾತು ನನಗೆ ಪೂರ್ತಿ ಅರ್ಥವಾಯಿತು. ಕನಸಿನಲ್ಲಿ ಮಾತಿಗೆ ಭಾಷೆ ಬೇಕಾಗುವುದಿಲ್ಲ. ಅಲ್ಲಿ ಒಮ್ಮೆ ಕಿವಿಗೆ ಬಿದ್ದದ್ದು ಎಚ್ಚರದಲ್ಲೂ ಹಾಗೇ ಉಳಿಯುತ್ತದೆ. ಆವತ್ತಿನಿಂದ ಆ ಊರಿನವರ ಮಾತೆಲ್ಲ ನನಗೆ ಗದಗಿನ ಮಾತಾಗಿಯೇ ಕೇಳಿಸಿತು, ನನ್ನದು ಅವರಿಗೆ ಅವರ ಮಾತಾಗಿ. ಇಲ್ಲಿ ಬರೆಯುವುದೂ ಕೇಳಿಸಿದ ಹಾಗೆಯೇ.

“ಅಕ್ಕಾ, ಆ ಕೆಂಪ ಮನಿಗಳು ಯಾಕ ಓಡಾಡ್ತಾವ?” ಎಂದು ಕೇಳಿದವಳು ಝೆಲ್ಲಾ. ಎಂಟು ವರ್ಷದವಳು, ಮಕ್ಕಳಲ್ಲಿ ಹಿರಿಯಳು, ಎಲ್ಲರ ಪರವಾಗಿ ಮಾತಾಡುವವಳು.

“ಅವು ಮನೆಯಲ್ಲ, ಬಸ್ಸು.”

“ಸೂರೈತಲ್ಲ? ಒಳಗ ಮಂದಿ ತೂಕಡಸ್ತಾರಲ್ಲ? ಮತ್ತ ಮನಿ ಅಲ್ಲದ ಇನ್ನೇನು?” ಆರು ವರ್ಷದ ಕೊರಿನ್ ವಾದಿಸಿದ. ಅವನ ಮುಂದಿನ ಎರಡು ಹಲ್ಲು ಬಿದ್ದಿದ್ದವು. “ಸೂರು ಹೊತ್ತಗೊಂಡ ಓಡೋ ಮನಿ! ನಿನ್ನಂಗ ಹಿಂದ ಬಂದಿದ್ದ ಒಬ್ಬ ಅಣ್ಣನ ಕನಸಿನ್ಯಾಗ ಬರೀ ಹಿಮ ಇತ್ತು. ಏಳೂದ್ರಾಗ ಕಾಲು ಮರಗಟ್ಟಿ ಹೋಗ್ತಿದ್ವು.”

“ಅದಕ್ಕೂ ಮೊದ್ಲ ಒಬ್ಬಾಕಿ ದಿನಾ ಪರೀಕ್ಷೆ ಬರಸ್ತಿದ್ಲು,” ಎಂದಳು ಝೆಲ್ಲಾ. “ನನಗ ಇನ್ನೂ ಉತ್ತರ ನೆನಪದಾವ. ಪ್ರಶ್ನೆನ ಗೊತ್ತಿಲ್ಲ.”

ಮಕ್ಕಳು ಎದ್ದ ಮೇಲೆ ಸಾಲಾಗಿ ಅಂಗಳಕ್ಕೆ ಹೋಗಿ, ಸೂರಿನ ಅಂಚಿನಲ್ಲಿ ನಿಂತು, ತಮ್ಮ ತಮ್ಮ ಸಂಖ್ಯೆ ಕೂಗುವುದು ಅಲ್ಲಿಯ ಪದ್ಧತಿ. ಎಲ್ಲರೂ ಕನಸಿನಿಂದ ವಾಪಸು ಬಂದರು ಎಂಬುದಕ್ಕೆ ಲೆಕ್ಕ. ಒಂದು ಝೆಲ್ಲಾಳದು, ಆರು ಕೊರಿನ್‌ನದು. ಒಂಬತ್ತು ತಾವಿಯದು. ತಾವಿ ಎಲ್ಲರಿಗಿಂತ ಚಿಕ್ಕವಳು, ಇನ್ನೂ ಐದು ತುಂಬಿರಲಿಲ್ಲ. ಎರಡು ವರ್ಷದ ಹಿಂದೆ ಯಾವುದೋ ದೋಣಿಯಲ್ಲಿ ಒಬ್ಬಳೇ ಬಂದವಳಂತೆ. ಮಾತು ಕಡಿಮೆ, ಆಡಿದರೆ ದನಿ ಮಾತ್ರ ನಶ್ಯ ಏರಿಸುವ ಮುದುಕಿಯಂತೆ ಗೊರಗೊರ. ಅವಳು ‘ಒಂಬತ್ತು’ ಎಂದಾಗಲೆಲ್ಲ ಬೇಲಿಯ ಮೇಲಿನ ಹಕ್ಕಿಗಳು ಹಾರುತ್ತಿದ್ದವು.

ಮೊದಲ ತಿಂಗಳು ಹೀಗೇ ಕಳೆಯಿತು. ಬೆಳಿಗ್ಗೆ ತಲೆ ಬಾಚುವುದು, ಗುಂಡಿ ಹೊಲಿಯುವುದು, ರೊಟ್ಟಿ ಹರಿದು ಹಂಚುವುದು. ಮಧ್ಯಾಹ್ನ ಬಸ್‌ಸ್ಟ್ಯಾಂಡು. ದಿನದಿಂದ ದಿನಕ್ಕೆ ಅದು ದೊಡ್ಡದಾಗುತ್ತಾ ಹೋಯಿತು. ಅಂಗಡಿಗಳ ಷಟರುಗಳು ತಾವಾಗಿಯೇ ಧಡಾರನೆ ಬೀಳತೊಡಗಿದವು. ಬೋರ್ಡಿಲ್ಲದ ಬಸ್ಸುಗಳು ಒಂದರ ಹಿಂದೊಂದು ಬರುತ್ತಿದ್ದವು. ಒಂದು ಕರಿ ನಾಯಿ ಕಂಬದ ಮರೆಯಿಂದ ನೋಡುತ್ತಿತ್ತು. ಅದು ನನ್ನೊಳಗಿನಿಂದಲೇ ಬಂದದ್ದೆಂದು ಗೊತ್ತಿದ್ದರೂ ನನಗೆ ಅದರ ಭಯ. ನಾನು ಮಕ್ಕಳನ್ನು ಒಂದು ಕಂಬದ ಸುತ್ತ ಕೂರಿಸಿ, ಕೈಗೆ ಕೈ ಜೋಡಿಸಿ, ಎರಡನೆಯ ಗಂಟೆ ಹೊಡೆಯುವವರೆಗೂ ಎಣಿಸುತ್ತಲೇ ಇರುತ್ತಿದ್ದೆ. ತಾವಿ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡಿರುತ್ತಿದ್ದಳು. ಎದ್ದ ಮೇಲೆ ನೋಡಿದರೆ ಎಚ್ಚರದ ಸೆರಗೂ ಸುಕ್ಕಾಗಿರುತ್ತಿತ್ತು.

ಒಂದು ದಿನ ಕೊರಿನ್ ನಿದ್ದೆಯಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಎದ್ದಾಗ ಅವನ ಚಾಪೆ ಒದ್ದೆಯಾಗಿತ್ತು. ಅವನು ನಾಚಿಕೆಯಿಂದ ಅಡುಗೆಮನೆಯ ಹಿಂದೆ ಅಡಗಿದ. ನಾನು ಚಾಪೆಯನ್ನು ಬಿಸಿಲಿಗೆ ಹಾಕುತ್ತಾ ಯೋಚಿಸಿದೆ. ಇವರಿಗೆ ಇರುವ ದುಃಖ ಸಾಲದೆಂದು ನಾನು ಗದಗಿನಿಂದ ನನ್ನದನ್ನೂ ಹೊತ್ತು ತಂದು ಸುರಿಯುತ್ತಿದ್ದೇನೆ. ಮೂರು ತಿಂಗಳಿಗೆ ನಾನು ಹೋಗುತ್ತೇನೆ. ಆ ನಾಯಿ ಇಲ್ಲೇ ಉಳಿಯುತ್ತದೆ. ಯಾರನ್ನಾದರೂ ಕೇಳಬಹುದಿತ್ತು. ಒರಿಮಾಳನ್ನು, ಕಡೆಗೆ ಕೊರಿನ್‌ನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಸದಾ ಕಾಯುವವರಿಗೆ ಕೇಳುವ ಅಭ್ಯಾಸ ಇರುವುದಿಲ್ಲ.

ಮರುದಿನದಿಂದ ನಾನು ನಿದ್ದೆಯ ನಟನೆ ಶುರುಮಾಡಿದೆ. ನಾನಿಲ್ಲದ ಕನಸಿನಲ್ಲಿ ಅವರು ಚದುರಬಹುದು, ಆದರೆ ಎಚ್ಚರವಿದ್ದು ಪಕ್ಕದಲ್ಲೇ ಕಾಯುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕಣ್ಣುಮುಚ್ಚಿ ಮಲಗುವುದು, ಉಸಿರನ್ನು ಉದ್ದ ಎಳೆಯುವುದು, ತೂಕಡಿಕೆ ಬಂದರೆ ತೊಡೆ ಚಿವುಟಿಕೊಳ್ಳುವುದು. ಮಕ್ಕಳು ನಿದ್ದೆ ಹೋದ ಮೇಲೆ ಕಣ್ಣು ತೆರೆದು ಹನ್ನೊಂದು ಎದೆಗಳು ಏರಿಳಿಯುವುದನ್ನು ನೋಡುವುದು. ಹಗಲಿನ ಬೆಳಕು ಕಿಟಕಿಯ ಹಸಿರು ಬಟ್ಟೆಯಿಂದ ಸೋಸಿ ಬಂದು, ಕೋಣೆ ಕೆರೆಯ ತಳದ ಹಾಗೆ ಕಾಣುತ್ತಿತ್ತು. ಹಾಯಾಗಿದ್ದಾರೆ ಎಂದುಕೊಂಡೆ.

ಎದ್ದಾಗ ಅವರ ಮುಖ ಸಪ್ಪಗಿತ್ತು. “ಇವತ್ತ ಎಲ್ಲಿ ಹೋಗಿದ್ದಿ ನೀ?” ಎಂದಳು ಝೆಲ್ಲಾ. “ನಿನ್ನ ಬಸ್‌ಸ್ಟ್ಯಾಂಡ ಇತ್ತು, ನೀ ಇರ್ಲಿಲ್ಲ. ಕಂಬದ ಕಡೆ ಕೂತು ಕೂತು ಸಾಕಾತು.”

“ಅಲ್ಲೇ ಇದ್ದೆ.”

“ಎಲ್ಲಿ?”

ಹದಿನೇಳು ವರ್ಷ ಬೇರೆಯವರ ತಪ್ಪು ಹುಡುಕಿದವಳು ನಾನು. ಒಂದು ಅಲ್ಪವಿರಾಮ ಬಿಟ್ಟುಹೋದರೂ ರಾತ್ರಿ ನಿದ್ದೆ ಬಾರದವಳು. ಸುಳ್ಳು ಮಾತ್ರ ಎಷ್ಟು ಸಲೀಸಾಗಿ ಬಂತು! “ಕೊನೆಯ ಬಸ್ಸಿನ ಹಿಂದೆ ಇದ್ದೆ,” ಎಂದೆ. “ನೀವು ಸರಿಯಾಗಿ ನೋಡಲಿಲ್ಲ.”

ತಾವಿ ತಲೆಯೆತ್ತಿ ನನ್ನನ್ನೇ ನೋಡಿದಳು.

ಎರಡನೆಯ ದಿನವೂ ಹಾಗೇ ಆಯಿತು. ಆವತ್ತು ತಾವಿ ಎಲ್ಲರಿಗಿಂತ ತಡವಾಗಿ ಎದ್ದಳು, ಸೂರಿನ ಅಂಚಿಗೆ ಓಡಿಬಂದು ಏದುಸಿರಿನಲ್ಲಿ ತನ್ನ ಸಂಖ್ಯೆ ಕೂಗಿದಳು. ನನಗೆ ಆಗಲೇ ತಿಳಿಯಬೇಕಿತ್ತು. ಮೂರನೆಯ ದಿನ ಎರಡನೆಯ ಗಂಟೆ ಹೊಡೆಯಿತು. ಮಕ್ಕಳು ಎದ್ದರು, ಅಂಗಳದಲ್ಲಿ ಸಾಲು ನಿಂತರು. ಆರು, ಏಳು, ಎಂಟು ಕೇಳಿಸಿತು. ಆಮೇಲೆ ಸುಮ್ಮನಾಯಿತು. ಬೇಲಿಯ ಹಕ್ಕಿಗಳು ಹಾರಲಿಲ್ಲ.

ತಾವಿ ಚಾಪೆಯ ಮೇಲೆ ಮಲಗಿಯೇ ಇದ್ದಳು. ಕಣ್ಣುರೆಪ್ಪೆಯ ಕೆಳಗೆ ಗುಡ್ಡೆಗಳು ಅತ್ತಿತ್ತ ಓಡುತ್ತಿದ್ದವು. ಪಾದಗಳು ನಡೆಯುವವರ ಹಾಗೆ ಮೆಲ್ಲಗೆ ಅಲ್ಲಾಡುತ್ತಿದ್ದವು. ನಾನು ಭುಜ ಹಿಡಿದು ಅಲುಗಿಸಲು ಬಗ್ಗಿದೆ. ಆಗಷ್ಟೇ ಗಂಡನ ಬಳಿಯಿಂದ ಬಂದ ಒರಿಮಾ ಬಾಗಿಲಿನಿಂದಲೇ ಚೀರಿದಳು.

“ಮುಟ್ಟಬ್ಯಾಡ! ಹುಡುಕೋರನ್ನ ಎಬ್ಬಸಬಾರ್ದು!” ಬಂದು ಪಕ್ಕದಲ್ಲಿ ಕುಕ್ಕರಿಸಿ, ಮಗುವಿನ ಪಾದ ನೋಡಿದಳು. “ಯಾರನ್ನೋ ಹುಡಕಾಕತ್ತಾಳ. ಯಾರನ್ನ? ಎಲ್ಲಾರೂ ಇಲ್ಲೇ ಅದೀರಿ.”

ಝೆಲ್ಲಾ ನನ್ನ ಕಡೆ ನೋಡಿದಳು. ಮಕ್ಕಳೆಲ್ಲ ನೋಡಿದರು.

“ನನ್ನನ್ನು,” ಎಂದೆ. “ನಾನು ಮೂರು ದಿನದಿಂದ ಮಲಗಿಲ್ಲ. ಕೊನೆಯ ಬಸ್ಸಿನ ಹಿಂದೆ ಇದ್ದೆ ಅಂತ ಸುಳ್ಳು ಹೇಳಿದೆ. ಅಲ್ಲಿ ಕೊನೆಯ ಬಸ್ಸೇ ಇಲ್ಲ. ಒಂದರ ಹಿಂದೆ ಇನ್ನೊಂದು ಬರುತ್ತಲೇ ಇರುತ್ತದೆ.”

ಒರಿಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಯಲ್ಲಿದ್ದ ಸೋಂಪನ್ನು ಅಂಗೈಗೆ ಉಗಿದು, ಕಿಟಕಿಯ ಬೆಳಕು ನೋಡಿ ಹೊತ್ತು ಅಳೆದಳು. “ದೀಪ ಹಚ್ಚೋ ಹೊತ್ತಿನ ತನಕ ಕನಸು ತೆರದಿರತೈತಿ. ಆಮ್ಯಾಲೆ ಮುಚ್ಚತೈತಿ. ಚಮಗಾರ ಓಣ್ಯಾಗ ಒಬ್ಬಾಕಿ ಕೂಸು ಹಿಂಗ ಒಳಗ ಉಳಿದಿತ್ತು. ಮರುದಿನಾ ಎದ್ದಿತು. ಉಂಡಿತು, ಆಡಿತು. ಆದ್ರ ಅವ್ವನ ಮುಖ ನೋಡಿ, ಈಕಿ ಯಾರು ಅಂತ ಕೇಳಿತು. ಇವತ್ತಿಗೂ ಕೇಳತೈತಿ.” ನನ್ನ ಕೈ ಹಿಡಿದಳು. “ನೀನ ಹೋಗಬೇಕವಾ. ಆಕಿ ಹುಡುಕಾಕತ್ತಿದ್ದು ನಿನ್ನನ್ನ. ಮಲಕೋ.”

ಮಲಕೋ. ಲೋಕದಲ್ಲಿ ಅದಕ್ಕಿಂತ ಕಠಿಣವಾದ ಕೆಲಸವನ್ನು ಯಾರೂ ನನಗೆ ಹೇಳಿರಲಿಲ್ಲ. ತಾವಿಯ ಪಕ್ಕದಲ್ಲಿ ಮಲಗಿದೆ. ಕಣ್ಣುಮುಚ್ಚಿದರೆ ಕಿಟಕಿಯ ಬೆಳಕು ಎಷ್ಟು ಇಳಿಯಿತು ಎಂದು ನೋಡಬೇಕೆನಿಸುತ್ತಿತ್ತು, ನೋಡಿದರೆ ಇಳಿದೇ ಇರುತ್ತಿತ್ತು. ಒರಿಮಾ ನನ್ನ ಅಂಗಾಲಿಗೆ ಎಣ್ಣೆ ತಿಕ್ಕಿದಳು. ಹಾಲು ಕುಡಿಸಿದಳು. ಮಕ್ಕಳಲ್ಲಿ ಯಾರಾದರೂ ತೂಕಡಿಸಿದರೆ ಅವರನ್ನೂ ಹುಡುಕಬೇಕಾದೀತೆಂದು ಎಲ್ಲರನ್ನೂ ಸೂರಿನಾಚೆ ಅಂಗಳಕ್ಕೆ ಅಟ್ಟಿದಳು. ಏನು ಮಾಡಿದರೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಗೋಡೆಯ ಮೇಲಿನ ಬಿಸಿಲಿನ ಚೌಕ ಹಳದಿಯಾಯಿತು.

ಕಿಟಕಿಯ ಹೊರಗಿನಿಂದ ಝೆಲ್ಲಾಳ ಪಿಸುದನಿ ಬಂತು. “ಅಕ್ಕಾ, ನೀ ಎಣಸಬ್ಯಾಡ. ನಾವ ಎಣಸ್ತೀವಿ. ನೀ ಕೇಳು ಅಷ್ಟ.”

ಅಂಗಳದಿಂದ ಒಂದೊಂದೇ ದನಿ ಬರತೊಡಗಿತು, ಅವಸರವಿಲ್ಲದೆ, ಹನಿ ಬಿದ್ದ ಹಾಗೆ. ಒಂದು. ಎರಡು. ಮೂರು. ಹಲ್ಲಿಲ್ಲದ ಬಾಯಿಂದ ಗಾಳಿ ಸೋರುವ ಆರು. ಏಳು. ಎಂಟು. ಆಮೇಲೆ ಒಬ್ಬರ ಉಸಿರಿನಷ್ಟು ಖಾಲಿ. ಹತ್ತು. ಹನ್ನೊಂದು. ಮತ್ತೆ ಮೊದಲಿನಿಂದ. ಯಾರೋ ನನಗಾಗಿ ಎಣಿಸುವುದನ್ನು ನಾನು ಅದೇ ಮೊದಲು ಕೇಳಿದ್ದು. ಎಂಟು ಮತ್ತು ಹತ್ತರ ನಡುವಿನ ಆ ಖಾಲಿ ಪ್ರತಿ ಸುತ್ತಿಗೂ ಸ್ವಲ್ಪ ಅಗಲವಾಗುತ್ತಾ ಹೋಯಿತು. ಮೊದಲು ಗೇಣಿನಷ್ಟು, ಆಮೇಲೆ ಬಾಗಿಲಿನಷ್ಟು. ಎಷ್ಟನೆಯ ಸುತ್ತೋ ತಿಳಿಯದು. ಎಂಟರ ನಂತರ ಹತ್ತು ಬರಲೇ ಇಲ್ಲ. ನಾನು ಆ ಸಂದಿಯೊಳಗೆ ಕಾಲಿಟ್ಟಿದ್ದೆ.

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೂ ಇರಲಿಲ್ಲ. ಬೆಳಕು ಸಂಜೆಯದು. ಸಾಲು ಸಾಲು ಬಸ್ಸು, ಎಲ್ಲವುಗಳ ಬಾಗಿಲೂ ತೆರೆದೇ ಇತ್ತು. ನಾನು ತಾವಿ ಎಂದು ಕೂಗಿದೆ. ದನಿ ಪತ್ರಾಸಿಗೆ ತಾಗಿ ನನ್ನ ಕಿವಿಗೇ ವಾಪಸು ಬಂತು. ಒಂದು ಬಸ್ಸಿನ ಹಿಂದೆ ನೋಡಿದೆ, ಅದರ ಹಿಂದೆ ಇನ್ನೊಂದು. ಷಟರು ಬಿದ್ದವು. ಕಂಬದ ಮರೆಯಿಂದ ಕರಿ ನಾಯಿ ಹೊರಗೆ ಬಂತು. ನಾನು ಮರಗಟ್ಟಿ ನಿಂತೆ. ಅದು ಬಂದು ನನ್ನ ಅಂಗೈ ಮೂಸಿತು, ಏನನ್ನೋ ಕೇಳುವ ಹಾಗೆ. ಕೈ ಖಾಲಿ ಇರುವುದನ್ನು ನೋಡಿ ನಿರಾಸೆಯಿಂದ ಮುಂದೆ ನಡೆಯಿತು. ಅದರ ಮೂತಿಯ ಮೇಲೆ ರೊಟ್ಟಿಯ ಚೂರುಗಳು ಅಂಟಿದ್ದವು. ಬೇರೆ ದಾರಿ ಕಾಣದೆ ನಾನು ಅದರ ಹಿಂದೆ ಹೋದೆ.

ಎಲ್ಲಿಂದಲೋ ಗಾಣದ ಗೆಜ್ಜೆ ಕೇಳಿಸಿತು. ಕಬ್ಬಿನ ಹಾಲಿನ ಅಂಗಡಿ. ಸಿಪ್ಪೆಯ ರಾಶಿ ಹಾಗೇ ಇತ್ತು. ಮೇಲೆ ಯಾರೂ ಇರಲಿಲ್ಲ. ಆಸೆ ಬಿಟ್ಟ ಮೇಲೂ ತಮ್ಮ ಅಲ್ಲೇ ಸಿಕ್ಕಿದ್ದನಲ್ಲ. ಇವಳೂ ಅಲ್ಲಿರುತ್ತಾಳೆಂದು ನನಗೇ ತಿಳಿಯದೆ ನಂಬಿಕೊಂಡು ಬಂದಿದ್ದೆ. ರಾಶಿಯ ಪಕ್ಕದಲ್ಲಿ ಕೂತುಬಿಟ್ಟೆ. ಆಗ ತಲೆಯ ಮೇಲಿನ ಧ್ವನಿವರ್ಧಕ ಕರ್ ಕರ್ ಎಂದಿತು. ಯಾರೋ ಎರಡು ಸಲ ಊದಿದರು. ಆಮೇಲೆ ನಶ್ಯ ಏರಿಸುವ ಮುದುಕಿಯ ದನಿ ಇಡೀ ಬಸ್‌ಸ್ಟ್ಯಾಂಡನ್ನು ತುಂಬಿತು.

“ಎಲ್ಲಾರೂ ಕೇಳ್ರಿ. ಒಬ್ಬಾಕಿ ಅಕ್ಕ ಕಳದಾಳ. ಹಸಿರು ಸೀರಿ ಉಟ್ಟಾಳ. ಭಾಳ ಅಂಜ್ತಾಳ. ಯಾರಿಗರೆ ಕಂಡ್ರ ಕೈ ಹಿಡದು ಕರಕೊಂಡ ಬರ್ರಿ. ಬೈಬ್ಯಾಡ್ರಿ.”

ನಾನು ಓಡಿದೆ. ‘ವಿಚಾರಣೆ’ ಎಂದು ಬರೆದ ಕಿಟಕಿಯ ಹಿಂದೆ ಎತ್ತರದ ಸ್ಟೂಲಿನ ಮೇಲೆ ತಾವಿ ಮೊಣಕಾಲೂರಿ ಕೂತಿದ್ದಳು. ಮುಂದೆ ಅವಳ ಮುಖದಷ್ಟೇ ದೊಡ್ಡ ಮೈಕು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಬಂದ್ಯಾ?” ಎಂದಳು. ಮೈಕು ಇನ್ನೂ ಹಚ್ಚಿದ್ದರಿಂದ ಆ ಮಾತೂ ಪತ್ರಾಸಿನ ಉದ್ದಕ್ಕೂ ಮೊಳಗಿತು. “ಮೂರು ದಿನಾ ಆತು ಕೂಗಿ ಕೂಗಿ. ಎಷ್ಟೊತ್ತು ಮಾಡ್ದಿ!”

“ನೀನು ಕಳೆದುಹೋಗಿದ್ದೆಯಲ್ಲೇ ತಾವಿ.”

“ನಾ ಯಾಕ ಕಳೀತೀನಿ? ನಾ ಇಲ್ಲೇ ಅದೀನಿ. ಕಳದಾಕಿ ನೀ.” ಸ್ಟೂಲಿನಿಂದ ಜಾರಿ ಇಳಿದು, ನನ್ನ ಸೆರಗಿನ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡಳು. ಇಷ್ಟು ದಿನ ಅವಳು ಸೆರಗು ಹಿಡಿದದ್ದು ಹೆದರಿಕೆಯಿಂದ ಎಂದುಕೊಂಡಿದ್ದೆ. ಅವಳು ನನ್ನನ್ನು ಹಿಡಿದುಕೊಂಡಿದ್ದಳು.

ಕಣ್ಣು ಬಿಟ್ಟಾಗ ಒರಿಮಾಳ ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಕಡ್ಡಿ ಗೀರಿರಲಿಲ್ಲ. ಅಂಗಳದಲ್ಲಿ ಎಣಿಕೆ ಇನ್ನೂ ನಡೆದೇ ಇತ್ತು, ದನಿಗಳು ಒಣಗಿ ಹೋಗಿದ್ದವು. ಏಳು. ಎಂಟು. ನನ್ನ ಪಕ್ಕದಲ್ಲಿ ತಾವಿ ಕಣ್ಣು ಉಜ್ಜುತ್ತಾ ಎದ್ದು ಕೂತು, ಛಾವಣಿ ನಡುಗುವ ಹಾಗೆ ಕೂಗಿದಳು: “ಒಂಬತ್ತು!” ಹಕ್ಕಿಗಳು ಬೇಲಿಯಿಂದ ಎದ್ದವು. ಹತ್ತು ಮತ್ತು ಹನ್ನೊಂದು ಹೇಳಬೇಕಾದವರು ಹೇಳದೆ ಒಳಗೆ ನುಗ್ಗಿದರು.

ಒರಿಮಾ ತಾವಿಯ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದಳು. “ಈಕಿ ಯಾರು? ಹೇಳು.”

ತಾವಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳೆಂದು ನನಗನಿಸಿತು. “ಬಸ್ಸಿನ ಅಕ್ಕ,” ಎಂದಳು. ಒರಿಮಾ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ನನಗೆ ಸಿಗಬೇಕಾಗಿದ್ದ ಬೈಗುಳ.

ಆ ಸಂಜೆ ಎಲ್ಲರ ಮುಂದೆ ಮತ್ತೆ ಹೇಳಿದೆ: ನಿದ್ದೆಯ ನಟನೆ ಮಾಡಿದೆ, ತಪ್ಪಾಯಿತು.

“ನನಗ ಗೊತ್ತಿತ್ತ,” ಎಂದಳು ಝೆಲ್ಲಾ. “ನಿದ್ದಿ ಮಾಡೋರ ಕಾಲ್ಬೆರಳು ಹಂಗ ಸೆಟದಿರೂದಿಲ್ಲ.”

“ನಿಮಗೆ ಹೆದರಿಕೆಯಾಗುತ್ತೆ ಅಂತ ಹಾಗೆ ಮಾಡಿದೆ. ಆ ನಾಯಿ, ಆ ಷಟರು. ಕೊರಿನ್ ಆವತ್ತು ಅತ್ತನಲ್ಲ.”

ಕೊರಿನ್ ಕೆಂಪಾದ. “ನಾಯಿಗೆ ಯಾರ ಅಂಜ್ತಾರ? ಅದಕ್ಕ ದಿನಾ ನನ್ನ ರೊಟ್ಟಿ ಕೊಡ್ತೀನಿ. ನೀ ಒಂದ್ ಸಲನೂ ಬಸ್ಸ ಹತ್ತಾಕ ಬಿಡಲಿಲ್ಲ. ಬರೀ ಕಂಬ, ಬರೀ ಎಣಿಕಿ. ಅದಕ್ಕ ಅತ್ತೆ.”

ಮರುದಿನ ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ನಾನು ಮಲಗಿದೆ. ಕೊರಿನ್ ಒಂದು ರೊಟ್ಟಿಯನ್ನು ಅಂಗಿಯೊಳಗೆ ತುರುಕಿಕೊಂಡು ಬಂದು, ಚಾಪೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. ಆವತ್ತು ಬಸ್ಸು ಹತ್ತಿದೆವು. ನಾನು ಬಾಗಿಲ ಬಳಿ ನಿಂತು ಒಂದು ಸಲ ಎಣಿಸಿದೆ, ಒಂದೇ ಸಲ, ಆಮೇಲೆ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊಲಗಳ ನಡುವೆ, ಅವರ ನದಿಯ ಮೇಲೆ, ಒಮ್ಮೆ ಯಾರದೋ ಹಿಮದೊಳಗೂ ಹೋಯಿತು. ಮಕ್ಕಳು ಕಿಟಕಿಯಿಂದ ಕೈ ಚಾಚಿ ಹಿಮ ಹಿಡಿದರು. ಹಿಮದ ಅಣ್ಣ ಹೋಗಿ ಎರಡು ವರ್ಷವಾಗಿತ್ತಂತೆ. ಹೋದವರ ಕನಸು ಸ್ವಲ್ಪ ಸೂರಿನಲ್ಲೇ ಉಳಿಯುತ್ತದೆ ಎಂದು ಝೆಲ್ಲಾ ಹೇಳಿದಳು, ಜೇಡರ ಬಲೆಯ ಹಾಗೆ.

ಉಳಿದದ್ದು ಎಂಟು ವಾರ. ನಾನು ಹೋಗುತ್ತೇನೆಂಬುದು ಅವರಿಗೆ ಗೊತ್ತಿತ್ತು, ಎಲ್ಲರೂ ಹೋಗುತ್ತಾರೆ. ಕೊನೆಯ ದಿನ ಬೆಳಿಗ್ಗೆ ನಾನು ಬೇಕೆಂದೇ ತಲೆ ಬಾಚುವುದನ್ನು ನಿಧಾನ ಮಾಡಿದೆ. ದೋಣಿ ಇದ್ದದ್ದು ಸಂಜೆಗೆ. ಅಳುವುದೆಲ್ಲ ಕಟ್ಟೆಯ ಮೇಲೆಯೇ ಆಗುತ್ತದೆ, ಅಲ್ಲಿ ತಾವಿ ಸೆರಗು ಬಿಡದಿದ್ದರೆ ಏನು ಮಾಡುವುದು ಎಂದು ವಾರದಿಂದ ಚಿಂತಿಸಿದ್ದೆ. ಆದರೆ ಊಟವಾದ ಮೇಲೆ ಮಕ್ಕಳು ತಮ್ಮತಮ್ಮೊಳಗೆ ಏನೋ ಗುಸುಗುಸು ಮಾತಾಡಿಕೊಂಡು ಬೇಗ ಬೇಗ ಮಲಗಿದರು.

ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಬಿಸಿಲಿತ್ತು. ಅಂಗಡಿಗಳೆಲ್ಲ ತೆರೆದಿದ್ದವು, ಗಾಣದ ಗೆಜ್ಜೆ ಸದ್ದು ಮಾಡುತ್ತಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು, ಕಂಬಕ್ಕೆ ಒರಗದೆ. ನಾಯಿ ಕೊರಿನ್‌ನ ಕಾಲ ಬಳಿ ಮಲಗಿತ್ತು. ಝೆಲ್ಲಾ ನನ್ನ ಚೀಲವನ್ನು ಬಸ್ಸಿನೊಳಗೆ ಇಟ್ಟುಬಂದಳು. ಈ ಜಾಗ ಇರುವುದೇ ಹೋಗುವವರನ್ನು ಕಳಿಸಿಕೊಡಲು ಎಂಬುದನ್ನು ಅವರು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು. ನಾನು ಎಣಿಸಿದೆ. ಹತ್ತು. ಅಭ್ಯಾಸಬಲದಿಂದ ಮತ್ತೆ ಮೊದಲಿನಿಂದ ಎಣಿಸತೊಡಗಿದೆ. ಅಷ್ಟರಲ್ಲಿ ತಲೆಯ ಮೇಲೆ ಕರ್ ಕರ್ ಎಂದಿತು, ಯಾರೋ ಎರಡು ಸಲ ಊದಿದರು.

“ಎಲ್ಲಾರೂ ಕೇಳ್ರಿ. ಗದಗಕ್ಕ ಹೋಗೋ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿನ್ಯಾಗ ನಿಂತೈತಿ. ಅಕ್ಕ ಹತ್ಯಾಳ. ಕಿಟಕಿ ಕಡೆ ಕೂತಾಳ.” ನಾನು ಇನ್ನೂ ಹತ್ತಿರಲಿಲ್ಲ. ಆ ಗೊರಗೊರ ದನಿ ನಾನು ಹತ್ತಿ ಕೂರುವವರೆಗೂ ಕಾಯಿತು. ಡ್ರೈವರ್ ಇಲ್ಲದ ಬಸ್ಸು ಮೆಲ್ಲಗೆ ಅಲುಗಿತು. ಹತ್ತು ಕೈಗಳು ಮೇಲೆದ್ದವು. “ಇವತ್ತ ಇಲ್ಲಿ ಯಾರೂ ಕಳದಿಲ್ಲ,” ಎಂದಳು ತಾವಿ. “ಹೋಗಿ ಬಾ.”